ಪೋಚ್ ಮಾಡುವಾಗ ಮೊಟ್ಟೆ ಚೆದುರದಂತೆ ಮಾಡಿದ್ದು ಹೀಗೆ

ಪೋಚ್ ಅಂದರೆ ಮೊಟ್ಟೆಯನ್ನು ಒಡೆದು, ಸಿಪ್ಪೆಯಿಲ್ಲದೆ ಬಿಸಿನೀರಿನಲ್ಲಿ ಬೇಯಿಸುವುದು. ಕುದಿಯುವ ನೀರಿಗೆ ಮೊಟ್ಟೆ ಬಿಟ್ಟ ಕೂಡಲೇ ಬಿಳಿಭಾಗ ಎಳೆ ಎಳೆಯಾಗಿ ಹರಡುತ್ತಿತ್ತು. ಮೇಲೆಲ್ಲಾ ನೊರೆ, ತಳದಲ್ಲಿ ಬೆತ್ತಲೆ ಹಳದಿ.

ಸೌಟಿನಿಂದ ನೀರು ತಿರುಗಿಸಿ ಸುಳಿಯ ನಡುವೆ ಬಿಟ್ಟೆ. ಒಂದಕ್ಕೆ ಪರವಾಗಿಲ್ಲ, ಎರಡನೆಯದು ಹಾಕಿದರೆ ಕಲಸುಮೇಲೋಗರ. ಉಪ್ಪಿನಿಂದ ಏನೂ ಆಗಲಿಲ್ಲ. ವಿನೆಗರ್ ಇರಲಿಲ್ಲ ಅಂತ ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿ ಸುರಿದೆ. ಮೊಟ್ಟೆ ಕಂದು ಬಣ್ಣಕ್ಕೆ ತಿರುಗಿತು. ಅದು ಹಂದಿಮಾಂಸದ ಪಂದಿಕರಿಗೇ ಇರಲಿ.

ತೊಂದರೆ ಇದ್ದದ್ದು ಮೊಟ್ಟೆಯಲ್ಲಿ. ಹಳೆಯದಾದಷ್ಟೂ ಬಿಳಿಭಾಗ ನೀರಾಗುತ್ತದೆ. ಅದನ್ನು ಮೊದಲೇ ತೆಗೆಯಬೇಕು. ದೊಡ್ಡ ಟೀ ಜಾಲರಿಗೆ ಮೊಟ್ಟೆ ಒಡೆದು ಹಾಕಿ, ಅರ್ಧ ನಿಮಿಷ ಮೆಲ್ಲಗೆ ಅಲ್ಲಾಡಿಸಿ. ತೆಳ್ಳಗಿನದ್ದು ಸೋರಿಹೋಗಿ, ಗಟ್ಟಿ ಬಿಳಿ ಹಳದಿಗೆ ಅಂಟಿಕೊಂಡು ಉಳಿಯುತ್ತದೆ. ಅದನ್ನು ಬಟ್ಟಲಿಗೆ ಜಾರಿಸಿಡಿ. ಅಗಲ ಪಾತ್ರೆಯಲ್ಲಿ ನಾಲ್ಕು ಬೆರಳು ನೀರು ಕುದಿಸಿ, ಆಮೇಲೆ ಉರಿ ತೀರಾ ಸಣ್ಣ ಮಾಡಿ. ತಳದಲ್ಲಿ ಸಣ್ಣ ಗುಳ್ಳೆ ಮಾತ್ರ ಕಾಣಬೇಕು. ಬಟ್ಟಲಿನ ಅಂಚನ್ನು ನೀರಿಗೆ ತಾಗಿಸಿಯೇ ಮೊಟ್ಟೆ ಬಿಡಿ, ಮೇಲಿಂದ ಸುರಿಯಬೇಡಿ.

ಎಲ್ಲರೂ ಹೇಳುವ 3 ನಿಮಿಷ ನಮಗೆ ಸಾಲದು, 4 ಬೇಕು. ಮಡಿಕೇರಿ 1,100 ಮೀಟರ್‌ಗಿಂತ ಎತ್ತರದಲ್ಲಿದೆ ಅಲ್ವಾ, ಇಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಫ್ರಿಜ್‌ನಿಂದ ಆಗಷ್ಟೇ ತೆಗೆದ ಮೊಟ್ಟೆಯಾದರೆ ಇನ್ನೂ ಅರ್ಧ ನಿಮಿಷ. ತೂತಿನ ಸೌಟಿನಲ್ಲಿ ಎತ್ತಿ, ಬಟ್ಟೆಯ ಮೇಲೆ ನೀರು ಬಸಿಯಲು ಬಿಡಿ.