ಮೊದಲು ಬಿಸಿಲಿಗೆ ಕಾಣುವ ಡಿಸ್‌ಪ್ಲೇ, ಆಮೇಲೆ ಬೋರ್ಡು

ಸಿಂಧನೂರು, ಮಾನ್ವಿ ಕಡೆಯ ಹೊಲಗಳಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ಪಕ್ಕ ಕೂರಿಸುವ ಸಣ್ಣ ಪೆಟ್ಟಿಗೆಗೆ ಸಾಮಾನು ಆರಿಸುವಾಗ ನಾನು ಡಿಸ್‌ಪ್ಲೇಯಿಂದ ಶುರು ಮಾಡುತ್ತೇನೆ. ಮೂರೂ ಫೇಸ್ ಬಂದಿವೆಯೇ, ಮೋಟಾರು ಎಷ್ಟು ಆಂಪಿಯರ್ ಎಳೆಯುತ್ತಿದೆ ಎನ್ನುವುದನ್ನು ರೈತ ನಡುಮಧ್ಯಾಹ್ನದ ಬಿಸಿಲಲ್ಲಿ ನಿಂತು ಓದಬೇಕು. ರಾಯಚೂರಿನ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಮುಚ್ಚಿದ ತಗಡಿನ ಡಬ್ಬಿಯೊಳಗಿನ ಕಾವು ಅದಕ್ಕಿಂತಲೂ ಹೆಚ್ಚು.

0.96 ಇಂಚಿನ ಓಎಲ್‌ಇಡಿ (ತಾನೇ ಬೆಳಗುವ ಪುಟ್ಟ ಪರದೆ) ಮನೆಯಲ್ಲಿ ಚೆಂದ ಕಾಣುತ್ತದೆ, ಹೊಲದ ಬಿಸಿಲಿಗೆ ಏನೂ ಕಾಣುವುದಿಲ್ಲ. ಬಣ್ಣದ ಟಿಎಫ್‌ಟಿ ಪರದೆಯದೂ ಅದೇ ಕಥೆ. ಸಾಲಿಗೆ 16 ಅಕ್ಷರದಂತೆ ಎರಡು ಸಾಲು ತೋರಿಸುವ ಅಗ್ಗದ 16×2 ಎಲ್‌ಸಿಡಿಯೇ ಇಲ್ಲಿಗೆ ಸರಿ. ಆದರೆ ಅದರಲ್ಲೂ ನೀಲಿ ಹಿನ್ನೆಲೆ, ಬಿಳಿ ಅಕ್ಷರದ್ದು ಬೇಡ. ಅದು ಹಿಂದಿನ ಬೆಳಕನ್ನೇ ನಂಬಿಕೊಂಡದ್ದು, ಬಿಸಿಲಿನ ಮುಂದೆ ಆ ಬೆಳಕು ಸಾಲದು. ಹಳದಿ-ಹಸಿರು ಹಿನ್ನೆಲೆ, ಕಪ್ಪು ಅಕ್ಷರದ್ದು ತರಬೇಕು. ಅದು ಬಿದ್ದ ಬಿಸಿಲನ್ನೇ ಹಿಂದಕ್ಕೆ ಕೊಡುವುದರಿಂದ ಬೆಳಕು ಹೆಚ್ಚಿದಷ್ಟೂ ಸ್ಪಷ್ಟ. ಹೈದರಾಬಾದಿನ ಕೋಠಿಯಲ್ಲಾಗಲಿ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದರೆ ಬಣ್ಣ ಹೇಳಿಯೇ ಕೇಳಿ.

ಕಾವಿನದು ಇನ್ನೊಂದು ಲೆಕ್ಕ. ಸಾಧಾರಣ ಎಲ್‌ಸಿಡಿ 50 ಡಿಗ್ರಿಯವರೆಗೆ ಮಾತ್ರ, ವಿಸ್ತೃತ ತಾಪಮಾನದ್ದು 70ರವರೆಗೆ. ಕಾವು ಏರಿದಂತೆ ದ್ರವಸ್ಫಟಿಕಕ್ಕೆ ಬೇಕಾದ ವೋಲ್ಟೇಜು ಇಳಿಯುತ್ತದೆ. ಹಾಗಾಗಿ ಬೆಳಿಗ್ಗೆ ಸರಿಯಿದ್ದ ಪರದೆ ಮಧ್ಯಾಹ್ನ ಕಪ್ಪು ಚೌಕಗಳಿಂದ ತುಂಬುತ್ತದೆ. ಕೆಟ್ಟಿತೆಂದು ಬಿಸಾಡಬೇಡಿ. ಎಲ್‌ಸಿಡಿಯ ಬೆನ್ನಿಗೆ ಅಂಟಿರುವ ಐ2ಸಿ ಹಲಗೆಯ (ಪರದೆಯನ್ನು ಕೆಲವೇ ತಂತಿಯಲ್ಲಿ ಬೋರ್ಡಿಗೆ ಜೋಡಿಸುವುದು) ಪಾಟ್ ಅನ್ನು, ಅಂದರೆ ಅಕ್ಷರದ ಗಾಢತೆ ಬದಲಿಸುವ ತಿರುಪನ್ನು, ಮಧ್ಯಾಹ್ನದ ಹೊತ್ತಲ್ಲೇ ಹೊಂದಿಸಿ, ಪೆಟ್ಟಿಗೆಯನ್ನು ಉತ್ತರಕ್ಕೆ ಮುಖ ಮಾಡಿ ನೆರಳಲ್ಲಿ ಕೂರಿಸಿ.

ಈ ಎಲ್‌ಸಿಡಿ 5 ವೋಲ್ಟಿನದು. ಬೋರ್ಡನ್ನು ನಿರ್ಧರಿಸುವುದೂ ಇದೇ. ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಬೋರ್ಡು 5 ವೋಲ್ಟಿನದಾದ್ದರಿಂದ ನೇರ ನಾಲ್ಕು ತಂತಿ ಸಾಕು. ಪ್ರೋಗ್ರಾಮಿನಲ್ಲಿ ಕೊಡಬೇಕಾದ ಹಲಗೆಯ ಐ2ಸಿ ವಿಳಾಸ ಸಾಮಾನ್ಯವಾಗಿ ಪಿಸಿಎಫ್8574 ಚಿಪ್ ಇದ್ದರೆ ಹೆಕ್ಸ್ 27, ಹಲಗೆಯ ಚಿಪ್ ಪಿಸಿಎಫ್8574ಎ ಆಗಿದ್ದರೆ 3ಎಫ್. ಫೋನಿಗೆ ಸಂದೇಶ ಹೋಗಲೇಬೇಕೆಂದರೆ ಮಾತ್ರ ನಾನು ವೈಫೈ ಇರುವ ಇಎಸ್‌ಪಿ32 ಬೋರ್ಡು ಹಿಡಿಯುತ್ತೇನೆ. ಅದು 3.3 ವೋಲ್ಟಿನದು. 5 ವೋಲ್ಟಲ್ಲಿ ಓಡುವ ಪಿಸಿಎಫ್8574ಗೆ 'ಒಂದು' ಎಂದು ತಿಳಿಯಲು 3.5 ವೋಲ್ಟ್ ಬೇಕು. ಮೇಜಿನ ಮೇಲೆ ನಡೆದರೂ ಹೊಲದಲ್ಲಿ ಕೈ ಕೊಡುತ್ತದೆ. ನಡುವೆ 3.3 ವೋಲ್ಟನ್ನು 5ಕ್ಕೆ ಹೊಂದಿಸುವ ಬಿಎಸ್‌ಎಸ್138ರ ಲೆವೆಲ್ ಶಿಫ್ಟರ್ ಹಾಕಿ, ಕನಿಷ್ಠ 500 ಮಿಲಿಆಂಪ್ ಕೊಡುವ ಸಪ್ಲೈ ಇಡಿ. ಇಲ್ಲದಿದ್ದರೆ ವೈಫೈ ಎದ್ದ ಕೂಡಲೇ ಬ್ರೌನ್‌ಔಟ್ ಆಗಿ (ವೋಲ್ಟೇಜು ಕುಸಿದು) ಬೋರ್ಡು ಮತ್ತೆ ಮತ್ತೆ ರೀಸೆಟ್ ಆಗುತ್ತದೆ.

ಮನೆಯೊಳಗಿನ ಕೆಲಸಕ್ಕೆ ನ್ಯಾನೊ ಜೊತೆ ಓಎಲ್‌ಇಡಿ ಹಾಕುವವರು ಒಂದು ನೆನಪಿಡಿ: 128×64 ಪರದೆಯ ಪೂರ್ತಿ ಬಫರ್ 1024 ಬೈಟು ತಿನ್ನುತ್ತದೆ. ನ್ಯಾನೊದಲ್ಲಿ ಒಟ್ಟು ರ್ಯಾಮ್ ಇರುವುದೇ 2048 ಬೈಟು.

ಸ್ಟಾರ್ಟರ್ ಪಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಕಾಂಟ್ಯಾಕ್ಟರ್, ಅಂದರೆ ಕಾಯಿಲಿನ ಸೆಳೆತದಿಂದ ಮೋಟಾರಿಗೆ ಕರೆಂಟು ಕೊಡುವ ಸ್ವಿಚ್ಚು. ಅದು ಬಿಟ್ಟ ಕ್ಷಣ ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳು, ಬೋರ್ಡು ಮಾತ್ರ ಸುಮ್ಮನೆ ಓಡುತ್ತಿರುತ್ತದೆ. ಎಲ್‌ಸಿಡಿಗೆ ಪ್ರತಿ ಬೈಟೂ ನಾಲ್ಕು ಬಿಟ್ಟಿನ ಎರಡು ತುಂಡಾಗಿ ಹೋಗುತ್ತದೆ. ಸ್ಪಾರ್ಕಿನಿಂದ ತಂತಿಗೆ ಬರುವ ವಿದ್ಯುತ್ ಗದ್ದಲಕ್ಕೆ ಒಂದು ತುಂಡು ತಪ್ಪಿದರೆ ಮುಂದಿನದೆಲ್ಲ ಅದಲುಬದಲು. ಮದ್ದು ಎರಡು ಕಡೆ ಬೇಕು. ಮೇನ್ ಪೂರ್ತಿ ಇಳಿಸಿ, ಟೆಸ್ಟರಿನಿಂದ ಖಚಿತ ಮಾಡಿಕೊಂಡು, ಕಾಯಿಲಿಗೆ ಅಡ್ಡಲಾಗಿ 100 ಓಮ್ 1 ವ್ಯಾಟ್ ರೆಸಿಸ್ಟರನ್ನು 0.1 ಮೈಕ್ರೋಫ್ಯಾರಡ್ ಕೆಪಾಸಿಟರಿನೊಂದಿಗೆ ಸರಣಿಯಲ್ಲಿ ಹಾಕಿ. ಮೂರು ಫೇಸಿನ ಸ್ಟಾರ್ಟರಿನ ಕಾಯಿಲು ಎಷ್ಟೋ ಸಲ 415 ವೋಲ್ಟಿನದು. ಅಂಗಡಿಯಲ್ಲಿ ಸಿಗುವ 275 ವೋಲ್ಟಿನ ಎಕ್ಸ್2 ಕೆಪಾಸಿಟರನ್ನು ಅಲ್ಲಿ ಹಾಕಲೇಬಾರದು. 440 ವೋಲ್ಟ್ ಎಸಿ ಎಂದು ಬರೆದದ್ದೇ ಬೇಕು. ಇನ್ನೊಂದು ಮದ್ದು ಪ್ರೋಗ್ರಾಮಿನಲ್ಲಿ: ಕಾಂಟ್ಯಾಕ್ಟರ್ ಬದಲಾದ ಅರ್ಧ ಸೆಕೆಂಡಿನ ಮೇಲೆ ಎಲ್‌ಸಿಡಿಯನ್ನು ಮತ್ತೆ ಇನಿಷಿಯಲೈಜ್ ಮಾಡಿ (ಮೊದಲಿನಿಂದ ಶುರುಮಾಡಿ) ಪರದೆ ಪೂರ್ತಿ ಬರೆಯಿರಿ. ಐ2ಸಿ ತಂತಿ ಗೇಣುದ್ದ ದಾಟದಿರಲಿ.

ಚಿಪ್ಪಿಗೆ ಪ್ರೋಗ್ರಾಮ್ ತುಂಬುವ ಸಾಧನದ, ಅಂದರೆ ಪ್ರೋಗ್ರಾಮರ್ ವಿಚಾರ ಸುಲಭ. ನ್ಯಾನೊಗೆ ಯುಎಸ್‌ಬಿ ಸಾಕು. 'ನಾಟ್ ಇನ್ ಸಿಂಕ್' ಎಂಬ ದೋಷ ತೋರಿದರೆ ಆರ್ಡುಯಿನೊ ಐಡಿಇ ತಂತ್ರಾಂಶದಲ್ಲಿ ಓಲ್ಡ್ ಬೂಟ್‌ಲೋಡರ್ ಆರಿಸಿ ನೋಡಿ. ಹೊಲಕ್ಕೆ ಹೋಗುವ ಪೆಟ್ಟಿಗೆಯಲ್ಲಿ ಮಾತ್ರ ನಾನು ನ್ಯಾನೊದಲ್ಲಿರುವ ಅದೇ ಚಿಪ್ ಎಟಿಮೆಗಾ328ಪಿಯನ್ನು ಬಿಡಿಯಾಗಿ ಹಾಕುತ್ತೇನೆ, ಅದಕ್ಕೆ ಯುಎಸ್‌ಬಿಎಎಸ್‌ಪಿ ಎಂಬ ಪ್ರೋಗ್ರಾಮರ್ ಬೇಕು. ಹೊಸ ಚಿಪ್ ಕಾರ್ಖಾನೆಯಿಂದ 1 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಪ್ರೋಗ್ರಾಮರಿನ ಕ್ಲಾಕ್ ಅದರ ಕಾಲು ಭಾಗಕ್ಕಿಂತ ಕಡಿಮೆ ಇರಬೇಕು, ಆದರೆ ಯುಎಸ್‌ಬಿಎಎಸ್‌ಪಿ ಸಾಮಾನ್ಯವಾಗಿ 375 ಕಿಲೋಹರ್ಟ್ಸ್‌ನಲ್ಲಿ ಶುರು ಮಾಡುತ್ತದೆ. ಚಿಪ್ ಉತ್ತರ ಕೊಡದಿದ್ದರೆ ನಿಧಾನದ ಜಂಪರ್ ಹಾಕಿ, ಇಲ್ಲವೇ ಪ್ರೋಗ್ರಾಮ್ ತುಂಬುವ ಎವಿಆರ್‌ಡ್ಯೂಡ್ ತಂತ್ರಾಂಶಕ್ಕೆ ದೊಡ್ಡಕ್ಷರದ ಬಿ ಆಯ್ಕೆಯಲ್ಲಿ 10 ಕೊಡಿ. 16 ಮೆಗಾಹರ್ಟ್ಸ್ ಕ್ರಿಸ್ಟಲ್ಲು, ಎರಡು 22 ಪಿಕೋಫ್ಯಾರಡ್ ಕೆಪಾಸಿಟರು ಬೆಸುಗೆಯಾದ ಮೇಲೆಯೇ ಲೋ ಫ್ಯೂಸನ್ನು (ಚಿಪ್ ಯಾವ ಕ್ಲಾಕಿನಲ್ಲಿ ಓಡಬೇಕೆಂದು ಹೇಳುವ ಒಳಗಿನ ಸೆಟ್ಟಿಂಗ್) ಹೆಕ್ಸ್ ಎಫ್ಎಫ್ ಮಾಡಿ. ಕ್ರಿಸ್ಟಲ್ ಇಲ್ಲದೆ ಬರೆದು ಚಿಪ್ ಮೌನವಾದರೆ, ಇನ್ನೊಂದು ನ್ಯಾನೊದಿಂದ 1 ಮೆಗಾಹರ್ಟ್ಸ್ ಚೌಕ ಅಲೆಯನ್ನು ಚಿಪ್ಪಿನ ಎಕ್ಸ್‌ಟಾಲ್1 ಪಿನ್ನಿಗೆ (ಕ್ರಿಸ್ಟಲ್ ಸೇರುವ ಪಿನ್ನು) ಕೊಟ್ಟು ಫ್ಯೂಸ್ ಸರಿಮಾಡಬಹುದು. ಪ್ರೋಗ್ರಾಮರ್ ಚುಚ್ಚುವ ಆರು ಪಿನ್ನಿನ ಐಎಸ್‌ಪಿ ಹೆಡರನ್ನು ಹಲಗೆಯ ಅಂಚಿಗೇ ಇಡಿ. ಆಗ ಮುಂದೆ ಪ್ರೋಗ್ರಾಮ್ ಬದಲಿಸಲು ಮುಚ್ಚಳ ತೆಗೆದರೆ ಸಾಕು.