ಗುಳೆ ಹೋದ ಮನೆಯಿಂದ ಲ್ಯಾಬಿನವರೆಗೆ

"ಅಕ್ಕಾ, ನೀಟ್ ಬರೀದ ನೀವು ಹೆಂಗ ಡಾಕ್ಟರ್ ಆಗಾಕತ್ತೀರಿ?"

ಸುರಪುರದ ಕಡೆಯಿಂದ ಫೋನ್ ಮಾಡುವ ಹುಡುಗ ಹುಡುಗಿಯರು ಮೊದಲು ಕೇಳುವುದು ಇದನ್ನೇ. ನಾನು ಸೂಜಿ ಚುಚ್ಚುವ ಡಾಕ್ಟರ್ ಅಲ್ಲ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮೂರನೇ ವರ್ಷ. ಮೈಯೊಳಗೆ ಹುಳು ಹೊಕ್ಕಾಗ ಬಿಳಿ ರಕ್ತಕಣಗಳು ಏನು ಮಾಡುತ್ತವೆ, ಏನು ಮಾಡದೆ ಸುಮ್ಮನಿರುತ್ತವೆ ಎಂದು ನೋಡುವುದು ನನ್ನ ಕೆಲಸ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಗಂಟಲು ಒಣಗಿತು. ಅದಕ್ಕೆ ಒಂದೇ ಸಲ ಬರೆದಿಡುತ್ತಿದ್ದೇನೆ, ಮುಖ್ಯವಾಗಿ ನನ್ನ ಹಾಗೆ ಗುಳೆ ಹೋಗಿ ಬಂದ ಮನೆಯ ಮಕ್ಕಳಿಗೆ.

ನಮ್ಮದು ಯಾದಗಿರಿ ಜಿಲ್ಲೆಯ ಒಂದು ತಾಂಡಾ. ದೀಪಾವಳಿ ಮುಗಿಯಿತೆಂದರೆ ಅರ್ಧ ಮನೆಗಳಿಗೆ ಬೀಗ ಬೀಳುತ್ತಿತ್ತು. ನಾನು ನಾಲ್ಕು ವರ್ಷ ಪುಣೆಯಲ್ಲಿ ಮರಾಠಿ ಸಾಲಿ ಕಲಿತೆ, ಐದನೆಯ ಇಯತ್ತೆಗೆ ವಾಪಸ್ ಬಂದು ಕನ್ನಡ ಅಕ್ಷರ ತಿದ್ದಿದೆ. ಮನೆಯೊಳಗೆ ಲಂಬಾಣಿ ಮಾತು. ಇಂಗ್ಲಿಷ್ ನನಗೆ ನಾಲ್ಕನೆಯ ಭಾಷೆ.

ಆ ವರ್ಷವೇ ಒಂದು ರಾತ್ರಿ ಒಂಬತ್ತರ ಮೇಲೆ ಆರೋಗ್ಯ ಇಲಾಖೆಯವರು ಬ್ಯಾಟರಿ ಹಿಡಿದು ತಾಂಡಾಕ್ಕೆ ಬಂದರು, ಎಲ್ಲರ ಬೆರಳು ಚುಚ್ಚಿ ಗಾಜಿನ ಪಟ್ಟಿಗೆ ರಕ್ತ ಹಚ್ಚಿಕೊಂಡರು. ನಮ್ಮ ಯಾಡಿಗೆ, ಅಂದರೆ ಅವ್ವನಿಗೆ, ಸಿಟ್ಟು ಬಂತು: "ಹಗಲೊತ್ತು ಏನ್ ಮಾಡ್ತಿದ್ರಿ?" ಬಂದವರು ಹೇಳಿದರು, "ಹಗಲು ಸಿಗಂಗಿಲ್ಲವ್ವಾ, ಹುಳ ರಾತ್ರೀನ ಹೊರಗ ಬರ್ತಾವ." ಹುಳಕ್ಕೆ ರಾತ್ರಿಯಾಗಿದ್ದು ಹೆಂಗ ತಿಳಿತೈತಿ? ಅವತ್ತು ಯಾರೂ ಹೇಳಲಿಲ್ಲ.

ಅದು ಆನೆಕಾಲು ರೋಗದ ಹುಳು, ವುಚೆರೇರಿಯಾ ಬ್ಯಾಂಕ್ರಾಫ್ಟಿ. ಅದರ ಮರಿಗಳು ಹಗಲು ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿದ್ದು, ರಾತ್ರಿ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಅವನ್ನು ಹೊತ್ತೊಯ್ಯುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದೂ ರಾತ್ರಿಯೇ. ಸೊಳ್ಳೆಗೂ ಈ ಹುಳುವಿಗೂ ಇರುವ ನಂಟನ್ನು 1877ರಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯ ಚೀನಾದಲ್ಲಿ ಕೆಲಸ ಮಾಡುತ್ತಿದ್ದಾಗ ಕಂಡುಕೊಂಡ. ವರ್ಷಕ್ಕೊಮ್ಮೆ ಮನೆಮನೆಗೆ ಬಂದು ಎದುರಿಗೇ ನುಂಗಿಸುವ ಮಾತ್ರೆ ಹೆಚ್ಚಾಗಿ ಮರಿಗಳನ್ನು ಕೊಲ್ಲುತ್ತದೆ. ದೊಡ್ಡ ಹುಳುಗಳು ದುಗ್ಧನಾಳಗಳಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ, ಅದಕ್ಕೇ ಪ್ರತಿ ವರ್ಷ ನುಂಗಬೇಕು. ಇಷ್ಟೆಲ್ಲ ನನಗೆ ತಿಳಿದದ್ದು ಎಂಎಸ್ಸಿಯಲ್ಲಿ. ಆದರೆ ಪಿಎಚ್‌ಡಿ ಸಂದರ್ಶನದಲ್ಲಿ "ಸಂಶೋಧನೆ ಯಾಕೆ?" ಎಂದು ಕೇಳಿದಾಗ ನಾನು ಹೇಳಿದ್ದು ಆ ರಾತ್ರಿಯ ಕಥೆಯನ್ನೇ, ಮುಂದಿನ ಇಪ್ಪತ್ತು ನಿಮಿಷ ಪ್ರಶ್ನೆಗಳೆಲ್ಲ ಅದರ ಸುತ್ತಲೇ ತಿರುಗಿದವು. ನಿಮ್ಮ ಊರಲ್ಲೂ ಇಂಥದ್ದೊಂದು ಇರುತ್ತದೆ. ಬಾವಿ ನೀರಿನ ಫ್ಲೋರೈಡ್ ಇರಬಹುದು, ಬಸುರಿಯರ ರಕ್ತಹೀನತೆ ಇರಬಹುದು. ಹುಡುಕಿ ಬರೆದಿಟ್ಟುಕೊಳ್ಳಿ.

ಈಗ ಕಾಗದಪತ್ರ. ಗುಳೆ ಮನೆಯ ಮಕ್ಕಳು ಹಿಂದೆ ಬೀಳುವುದು ಬುದ್ಧಿ ಸಾಲದೆ ಅಲ್ಲ, ಕಾಗದ ಸಾಲದೆ. ಪುಣೆಯ ಟಿಸಿಯಲ್ಲಿ ನನ್ನ ಅಡ್ಡಹೆಸರು ರಾಠೌರ, ಆಧಾರ್‌ನಲ್ಲಿ ರಾಠೋಡ, ಅಪ್ಪನ ರೇಷನ್ ಕಾರ್ಡಿನಲ್ಲಿ ಅಡ್ಡಹೆಸರೇ ಇಲ್ಲ. ಹತ್ತನೆಯ ಪರೀಕ್ಷೆಗೆ ಹೆಸರು ನೋಂದಾಯಿಸುವ ಮೊದಲೇ ಇದನ್ನೆಲ್ಲ ಒಂದೇ ಮಾಡಿಕೊಳ್ಳಿ. ಆ ಅಂಕಪಟ್ಟಿಯ ಮೇಲೆ ಬಂದ ಹೆಸರೇ ಮುಂದೆ ಪಿಎಚ್‌ಡಿ ಪದವಿಯ ತನಕ ಬೆನ್ನು ಬಿಡುವುದಿಲ್ಲ.

ಜಾತಿ ಪ್ರಮಾಣಪತ್ರದ ವಿಷಯದಲ್ಲಿ ಇನ್ನೂ ಹುಷಾರು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಕೂಲಿಗೆ ಹೋದ ರಾಜ್ಯದ ಲೆಕ್ಕ ನಡೆಯುವುದಿಲ್ಲ, ಮೂಲ ರಾಜ್ಯದ್ದೇ ನಡೆಯುವುದು. ನಾಡಕಚೇರಿಯಲ್ಲಿ ಅರ್ಜಿ ಹಾಕಿ, ಆರ್‌ಡಿ ನಂಬರ್ ಇರುವ ಪ್ರತಿ ತೆಗೆದುಕೊಳ್ಳಿ. ಕೇಂದ್ರದ ಪರೀಕ್ಷೆಗಳಿಗೆ ಕೇಂದ್ರದ ನಮೂನೆಯದೇ ಬೇರೆ ಬೇಕು. ಅದರ ಜೊತೆಗೆ 371(ಜೆ) ಪ್ರಮಾಣಪತ್ರ, ಅಂದರೆ ಸಂವಿಧಾನದ ಆ ವಿಧಿಯಡಿ ನೀವು ಕಲ್ಯಾಣ ಕರ್ನಾಟಕದವರು ಎಂದು ಹೇಳುವ, ಉಪವಿಭಾಗಾಧಿಕಾರಿ ಸಹಿ ಇರುವಂಥದ್ದು. ನಮ್ಮ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ಇದರ ಮೇಲೆ ಸಿಗುತ್ತವೆ. ಎಂಎಸ್ಸಿಗೆ ಬರೆಯುವ ಜ್ಯಾಮ್, ಪಿಎಚ್‌ಡಿಗೆ ಬರೆಯುವ ನೆಟ್ ಥರದ ಕೇಂದ್ರದ ಪರೀಕ್ಷೆಗಳಲ್ಲಿ ಇದರ ಆಟ ನಡೆಯದು. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ಇದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಅರ್ಜಿ ಹಾಕುವ ಮೊದಲೇ ನೋಡಿಕೊಳ್ಳಿ. ನಾನು ನೋಡಿಕೊಳ್ಳದೆ ಒಂದು ವರ್ಷದ ದುಡ್ಡು ಕಳೆದುಕೊಂಡೆ.

ಓದಿನ ಹಾದಿಯಲ್ಲಿ ಹೇಳುವುದು ಅಷ್ಟೇನಿಲ್ಲ. ಪಿಯುಸಿಯಲ್ಲಿ ವಿಜ್ಞಾನ, ಗಣಿತ ಬಿಡಬೇಡಿ. ಬಿಎಸ್ಸಿಗೆ ರಸಾಯನಶಾಸ್ತ್ರವಂತೂ ಇರಲಿ, ಅದರ ಜೊತೆ ಪ್ರಾಣಿಶಾಸ್ತ್ರ, ಮೈಕ್ರೋಬಯಾಲಜಿ, ಬಯೋಟೆಕ್ನಾಲಜಿ ಯಾವುದಾದರೂ ಸರಿ. ಬಿಫಾರ್ಮ್, ಪಶುವೈದ್ಯಕೀಯ ಓದಿದವರೂ ನಮ್ಮ ಲ್ಯಾಬಿನಲ್ಲಿದ್ದಾರೆ. ಎಂಎಸ್ಸಿಗೆ ಊರು ಬಿಡಲೇಬೇಕೆಂದಿಲ್ಲ. 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯ ಇದೆ, 2009ರಿಂದ ಆಳಂದ ರಸ್ತೆಯ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಕಡಗಂಚಿಗೆ ಸಿಯುಇಟಿ-ಪಿಜಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಐಐಟಿಗಳಿಗೆ, ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಜ್ಯಾಮ್. ಸೊಳ್ಳೆಯ ಮೇಲೇ ಮನಸ್ಸಿರುವವರಿಗೆ ಪುದುಚೇರಿಯಲ್ಲಿ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ರೋಗವಾಹಕ ಕೀಟ ನಿಯಂತ್ರಣ ಸಂಶೋಧನಾ ಕೇಂದ್ರ ಇದೆ.

ನಿಜವಾದ ತಿರುವು ಬರುವುದು ಬೇಸಿಗೆ ರಜೆಯಲ್ಲಿ. ಡಿಗ್ರಿ ಮುಗಿಯುವುದರೊಳಗೆ ಎರಡು ತಿಂಗಳಾದರೂ ಕೆಲಸ ನಡೆಯುವ ಲ್ಯಾಬಿನಲ್ಲಿ ಇದ್ದು ಬನ್ನಿ. ನೂರಕ್ಕೆ ತೊಂಬತ್ತು ತೆಗೆಯುವುದಕ್ಕಿಂತ ಇದು ಹೆಚ್ಚು ತೂಗುತ್ತದೆ ಎಂಬುದು ನನ್ನ ಅನುಭವ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಫೆಲೋಶಿಪ್ ಕೊಡುತ್ತವೆ. ಅರ್ಜಿ ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಗೇ ಮುಗಿದುಹೋಗಿರುತ್ತದೆ, ಮಾರ್ಚ್‌ನಲ್ಲಿ ಫೋನ್ ಮಾಡಿ ಕೇಳಿದರೆ ನಾನೇನು ಹೇಳಲಿ? ಅದು ಸಿಗದಿದ್ದರೆ ವಿಜ್ಞಾನಿಗಳಿಗೆ ನೇರವಾಗಿ ಮೇಲ್ ಬರೆಯಿರಿ. ನಾನು 31 ಮೇಲ್ ಕಳಿಸಿದೆ. ಮೂವರು ಉತ್ತರಿಸಿದರು, ಒಬ್ಬರು ಬಾ ಅಂದರು. ಮೊದಲ ಇಪ್ಪತ್ತು ಮೇಲ್‌ಗಳಲ್ಲಿ "ತಮ್ಮ ಘನ ಸಂಸ್ಥೆಯಲ್ಲಿ" ಎಂದು ಒಂದೇ ಮಾತನ್ನು ಎಲ್ಲರಿಗೂ ಬರೆದಿದ್ದೆ, ಒಬ್ಬರೂ ಉತ್ತರಿಸಲಿಲ್ಲ. ಆಮೇಲೆ ಪಬ್‌ಮೆಡ್ ಎಂಬ, ಸಂಶೋಧನಾ ಪ್ರಬಂಧಗಳನ್ನು ಹುಡುಕುವ ಜಾಲತಾಣದಲ್ಲಿ ಆಯಾ ವಿಜ್ಞಾನಿಯ ಒಂದು ಪ್ರಬಂಧದ ಸಾರಾಂಶ ಓದಿ, ಅದರಲ್ಲಿ ನನಗೆ ಅರ್ಥವಾಗದ ಒಂದು ವಿಷಯ ಕೇಳಿ, ನಾನು ಯಾರು, ಯಾವ ತಿಂಗಳು ಬರಬಲ್ಲೆ ಎಂದಷ್ಟೇ ಬರೆದೆ. ಎಂಟು ಸಾಲು. ದುಡ್ಡು ಕಟ್ಟಿಸಿಕೊಂಡು "ಟ್ರೇನಿಂಗ್ ಸರ್ಟಿಫಿಕೇಟ್" ಕೊಡುವ ಅಂಗಡಿಗಳೂ ಇವೆ. ಅಪ್ಪ ಗಾರೆ ಹೊತ್ತು ತಂದ ದುಡ್ಡನ್ನು ಅಲ್ಲಿಗೆ ಸುರಿಯಬೇಡಿ.

ಲ್ಯಾಬಿಗೆ ಹೋದ ಮೊದಲ ದಿನ ನಾನು ಮಾಡಿದ ಎಡವಟ್ಟು ಕೇಳಿ. ಹನಿಗಿಂತ ಕಡಿಮೆ ದ್ರವವನ್ನೂ ಅಳೆದು ಹಾಕುವ ಮೈಕ್ರೋಪಿಪೆಟ್ಟಿನ ಗುಂಡಿ ಒತ್ತಿದರೆ ಎರಡು ಕಡೆ ತಡೆ ಸಿಗುತ್ತದೆ. ದ್ರವ ಎಳೆಯಲು ಮೊದಲ ತಡೆಯವರೆಗೆ ಒತ್ತಿ, ಅದ್ದಿ, ಮೆಲ್ಲಗೆ ಬಿಡಬೇಕು. ಹೊರಗೆ ಹಾಕುವಾಗ ಮಾತ್ರ ಎರಡನೆಯ ತಡೆಯವರೆಗೆ. ನಾನು ಎರಡನೆಯ ತಡೆಯವರೆಗೆ ಒತ್ತಿಯೇ ಅದ್ದಿದೆ, ಪ್ರತಿ ಸಲ ಹೆಚ್ಚು ದ್ರವ ಬಂತು, ದಿನದ ಕೆಲಸವೆಲ್ಲ ಮೋರಿಪಾಲು. ಸೀನಿಯರ್ ಅಕ್ಕ ಒಬ್ಬರು ಬೈಯದೆ ತಕ್ಕಡಿಯ ಮುಂದೆ ಕೂರಿಸಿದರು: ನೂರು ಮೈಕ್ರೋಲೀಟರ್ ನೀರು 0.1 ಗ್ರಾಂ ತೂಗಬೇಕು, ಹತ್ತು ಸಲ ಹಾಕಿ ಹತ್ತು ಸಲವೂ ಅಷ್ಟೇ ಬರಬೇಕು. ಎರಡು ದಿನ ಬರೀ ನೀರು ತೂಗಿದೆ. ನೀವೂ ಹಾಗೇ ಮಾಡಿ.

ಲೆಕ್ಕಕ್ಕೂ ಹೆದರಬೇಡಿ, ಮನೆಯಲ್ಲಿ ಕಂಡ ವಸ್ತುವಿನಿಂದ ಶುರು ಮಾಡಿ. ಜ್ವರ ಬಂದರೆ ನಮ್ಮೂರಲ್ಲಿ ಸಲೈನ್ ಹಚ್ಚುತ್ತಾರಲ್ಲ, ಅದು ಶೇ. 0.9 ಉಪ್ಪಿನ ನೀರು. ಅರ್ಧ ಲೀಟರ್ ಬಾಟಲಿಯಲ್ಲಿ ಉಪ್ಪು ಎಷ್ಟು? 4.5 ಗ್ರಾಂ. ಲೀಟರಿಗೆ 9 ಗ್ರಾಂ, ಉಪ್ಪಿನ ಅಣುತೂಕ 58.44, ಭಾಗಿಸಿದರೆ 0.154 ಮೋಲಾರ್, ಅಂದರೆ ಲೀಟರಿಗೆ ಅಷ್ಟು ಮೋಲ್ ಉಪ್ಪು. ಸಂದರ್ಶನದಲ್ಲಿ ಇಷ್ಟನ್ನೇ ಕೇಳಿ ಎಷ್ಟೋ ಜನರನ್ನು ವಾಪಸ್ ಕಳಿಸುತ್ತಾರೆ.

ಪಿಎಚ್‌ಡಿಗೆ ದೊಡ್ಡ ಬಾಗಿಲು ಸಿಎಸ್‌ಐಆರ್-ಯುಜಿಸಿ ನೆಟ್‌ನ ಜೀವವಿಜ್ಞಾನ ಪತ್ರಿಕೆ. ಮೂರು ಗಂಟೆ, 200 ಅಂಕ, ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. 145 ಪ್ರಶ್ನೆಗಳಲ್ಲಿ 75ಕ್ಕೆ ಉತ್ತರಿಸಿದರೆ ಸಾಕು, ತಪ್ಪಿಗೆ ಕಾಲು ಭಾಗ ಅಂಕ ಕಡಿತ. ಹಾಗಾಗಿ ಬಿಡುವುದನ್ನೂ ಕಲಿಯಬೇಕು. ಕೊನೆಯ ಭಾಗದಲ್ಲಿ ತಲಾ ನಾಲ್ಕು ಅಂಕದ 25 ಪ್ರಶ್ನೆ ಆರಿಸಿ ಬರೆಯಬೇಕು, ಅರ್ಧ ಅಂಕ ಅಲ್ಲೇ ಇದೆ. ಕನ್ನಡ ಮಾಧ್ಯಮದವರಿಗೆ ನನ್ನದೊಂದು ಉಪಾಯ: ಎರಡು ಕಾಲಮಿನ ವಹಿ. ಒಂದು ಕಡೆ ಇಂಗ್ಲಿಷ್ ಪದ, ಇನ್ನೊಂದು ಕಡೆ ಅವ್ವನಿಗೆ ತಿಳಿಯುವಂಥ ಮಾತಿನಲ್ಲಿ ಅದರ ಕೆಲಸ. ಮೈಟೊಕಾಂಡ್ರಿಯಾಕ್ಕೆ ನಾನು "ಕೋಶದ ಒಲೆ" ಎಂದು ಬರೆದಿದ್ದೆ. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದಂಥ ಕಡೆಗೆ ಜೆಜಿಇಇಬಿಐಎಲ್‌ಎಸ್ ಎಂಬ ಉದ್ದ ಹೆಸರಿನ ಬೇರೆ ಪರೀಕ್ಷೆ ಇದೆ. ಅದರಲ್ಲಿ ಉರುಹೊಡೆದದ್ದು ಕೆಲಸಕ್ಕೆ ಬರುವುದಿಲ್ಲ, ನನಗೆ ಅದೇ ಹೆಚ್ಚು ಇಷ್ಟವಾಯಿತು.

ಮನೆಯಲ್ಲಿ ಏನು ಹೇಳುವುದು? ನಮ್ಮ ಅಪ್ಪನ ಪ್ರಶ್ನೆ ಎರಡೇ ಇದ್ದವು: "ಎಷ್ಟ್ ವರ್ಷ? ಪಗಾರ ಐತೇನ?" ಐದಾರು ವರ್ಷ, ಸುಳ್ಳು ಹೇಳಬೇಡಿ. ಜೆಆರ್‌ಎಫ್ (ನೆಟ್‌ನಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಸಿಗುವ ಸಂಶೋಧನಾ ಫೆಲೋಶಿಪ್) ಆದರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000, 2023ರಿಂದ ಇದೇ ದರ. ಕಾಗದ ತಯಾರಾಗಿ ದುಡ್ಡು ಕೈಸೇರಲು ಒಂದಿಷ್ಟು ತಿಂಗಳು ಹಿಡಿಯಬಹುದು, ಅಲ್ಲಿಯವರೆಗಿನ ಮೆಸ್ಸಿನ ಖರ್ಚು ಬೇರೆ ಇಟ್ಟುಕೊಂಡಿರಿ. ಪಗಾರದ ಮಾತು ಕೇಳಿದ ಮೇಲೆ ಅಪ್ಪ ಮದುವೆಯ ಮಾತನ್ನು ಎರಡು ವರ್ಷ ಮುಂದೂಡಿದರು. ಈಗ ಮತ್ತೆ ಎತ್ತಿದ್ದಾರೆ, ಅದು ಬೇರೆ ಕಥೆ.

ಸಂದರ್ಶನಕ್ಕೆ ಬೆಂಗಳೂರಿಗೆ ಬರುವವರು ಯಾದಗಿರಿಯಲ್ಲಿ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಇಲ್ಲಿರುತ್ತೀರಿ. ನಮ್ಮವರು ಮುಂಬೈ ಕಡೆ ಗುಳೆ ಹೋಗುವುದೂ ಇದೇ ಗಾಡಿಯಲ್ಲೇ, ಎದುರಿನ ಪ್ಲಾಟ್‌ಫಾರ್ಮ್‌ನಿಂದ. ಅವತ್ತು ಮಾತ್ರ ಜನರಲ್ ಡಬ್ಬಿ ಬೇಡ, ಸ್ಲೀಪರ್ ಕಾಯ್ದಿರಿಸಿ, ಸಂದರ್ಶನಕ್ಕಿಂತ ಒಂದು ದಿನ ಮೊದಲೇ ಬನ್ನಿ. ಒರಿಜಿನಲ್ ಕಾಗದಗಳ ಚೀಲ ತಲೆದಿಂಬಿನ ಕೆಳಗಿರಲಿ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಳ್ಳಿ, ಎರಡು ದಿನ ಕೆಡುವುದಿಲ್ಲ. ಸ್ವಲ್ಪ ಹೆಚ್ಚೇ ತಂದರೆ ನಮ್ಮ ಲ್ಯಾಬಿನವರೂ ತಿನ್ನುತ್ತಾರೆ.