ಬಂದಳಿಕೆ ಕಟ್ಟಿದ ಮರದ ಎದುರು

ಫೀನಿಕ್ಸ್ ನಗರದ ಅಂಚಿನಲ್ಲಿರುವ ನಮ್ಮ ಬಡಾವಣೆಯಲ್ಲಿ ಹಕ್ಕಿ ನೋಡುವ ಕಾಲವೆಂದರೆ ನವೆಂಬರಿನಿಂದ ಮಾರ್ಚ್‌ವರೆಗೆ. ಬೇಸಿಗೆಯ ಅರಿಜೋನಾದಲ್ಲಿ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಆಗ ಹೊರಗೆ ನಿಲ್ಲುವ ಮಾತೇ ಇಲ್ಲ. ಹಕ್ಕಿಗಳನ್ನು ಅರಸಿ ಅಲೆಯುವುದು ನನಗೆ ಒಗ್ಗದು. ಬಂದಳಿಕೆ ಕಟ್ಟಿದ ಮೆಸ್ಕೀಟ್ ಮರವೊಂದನ್ನು ಗುರುತಿಸಿಕೊಂಡು, ಬೆಳಗಿನ ಬಿಸಿಲು ಬೆನ್ನಿಗೆ ಬೀಳುವಂತೆ ಅದರೆದುರು ಕುರ್ಚಿ ಹಾಕಿಕೊಳ್ಳುತ್ತೇನೆ.

ಮೆಸ್ಕೀಟ್ ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಅದರ ಮೇಲಿನ ಬಂದಳಿಕೆ ಚಳಿಗಾಲದಲ್ಲಿ ಕೆಂಪು ಹಣ್ಣು ಬಿಡುತ್ತದೆ. ಆ ಹಣ್ಣಿಗೆ ಕಾವಲು ನಿಲ್ಲುವುದು ಫೇನೊಪೆಪ್ಲಾ ಎಂಬ ಹಕ್ಕಿ. ಗಂಡು ಮಿರಮಿರನೆ ಕಪ್ಪು, ತಲೆಯ ಮೇಲೆ ಜುಟ್ಟು, ಕೆಂಪು ಕಣ್ಣು. ಕೂತಾಗ ಪಿಕಳಾರದ ಜಾತಿಯೇ ಇರಬೇಕು ಅನ್ನಿಸುತ್ತದೆ. ಹಾರಿದಾಗ ರೆಕ್ಕೆಯ ಬಿಳಿ ಪಟ್ಟೆ ಕಂಡು ಅನುಮಾನ ಹೋಗುತ್ತದೆ. ಒಂದು ಹಕ್ಕಿ ದಿನಕ್ಕೆ ಸಾವಿರಕ್ಕೂ ಹೆಚ್ಚು ಹಣ್ಣು ನುಂಗಬಲ್ಲದು. ಅದು ಸದಾ ಕೂರುವ ಕೊಂಬೆಯನ್ನು ಹತ್ತಿರದಿಂದ ನೋಡಿ: ಹಿಕ್ಕೆಯೊಂದಿಗೆ ಬಿದ್ದ ಬೀಜಗಳು ಅಂಟು ಎಳೆಯಲ್ಲಿ ಪೋಣಿಸಿದಂತೆ ಜೋತಾಡುತ್ತಿರುತ್ತವೆ. ತೊಗಟೆಗೆ ಕಚ್ಚಿಕೊಂಡ ಬೀಜ ಅಲ್ಲೇ ಮೊಳೆತು ಮುಂದೊಂದು ದಿನ ಹೊಸ ಗೊಂಚಲಾಗುತ್ತದೆ. ಕರ್ನಾಟಕದ ಮಾವಿನ ತೋಪುಗಳಲ್ಲಿ ಬದನಿಕೆ ಹಕ್ಕಿ ಮಾಡುವುದೂ ಇದೇ ಕೆಲಸ.

ಹಿತ್ತಲಿನಲ್ಲಿ ಝೇಂಕಾರದ ಹಕ್ಕಿಗಳಿಗೆಂದು ಒಂದು ಲೋಟ ಸಕ್ಕರೆಗೆ ನಾಲ್ಕು ಲೋಟ ನೀರು ಬೆರೆಸಿ ತೂಗುಹಾಕಿದ್ದೇನೆ. ಬಣ್ಣ ಹಾಕುವುದಿಲ್ಲ, ಜೇನು ಬೇಡವೇ ಬೇಡ. ಆನ್ನಾಸ್ ಹಮ್ಮಿಂಗ್‌ಬರ್ಡ್ ಇಲ್ಲಿ ಚಳಿಯಲ್ಲೂ ಇರುತ್ತದೆ, ಚಳಿಗಾಲ ಮುಗಿಯುವ ಮೊದಲೇ ಗೂಡನ್ನೂ ಕಟ್ಟುತ್ತದೆ. ಗಂಡಿನ ಕತ್ತು ಕಪ್ಪಾಗಿ ಕಂಡರೆ ಅವಸರಪಡಬೇಡಿ; ತಲೆ ತಿರುಗಿಸಿ ಬಿಸಿಲಿಗೆ ಒಡ್ಡಿದಾಗ ಗುಲಾಬಿ ಹೊಳಪು ಹೊಮ್ಮುತ್ತದೆ.

ಬಡಾವಣೆಯ ಹಿಂದಿನ ಒಣಹಳ್ಳಕ್ಕೆ ಇಲ್ಲಿಯವರು ವಾಶ್ ಎನ್ನುತ್ತಾರೆ. ಹಂದಿಯಂತೆ ಕಾಣುವ ಜಾವೆಲಿನಾ, ನರಿಯಂಥ ಕಯೋಟಿಗಳು ರಾತ್ರಿ ಓಡಾಡುವ ದಾರಿ ಅದು. ಅವುಗಳನ್ನು ಕಾಯುತ್ತಾ ಕೂರುವ ಬದಲು ಬೆಳಿಗ್ಗೆ ಮರಳನ್ನು ಓದುತ್ತೇನೆ. ರೋಡ್‌ರನ್ನರ್ ಹಕ್ಕಿಯ ಕಾಲಿನಲ್ಲಿ ಎರಡು ಬೆರಳು ಮುಂದೆ, ಎರಡು ಹಿಂದೆ. ಗುರುತು ಗುಣಾಕಾರದ ಚಿಹ್ನೆಯಂತಿರುವುದರಿಂದ ಅದು ಯಾವ ಕಡೆಗೆ ಹೋಯಿತೆಂದು ಹೇಳುವುದೇ ಕಷ್ಟ.

ನೀರಹಕ್ಕಿ ಬೇಕೆನಿಸಿದರೆ ಗಿಲ್ಬರ್ಟ್ ಊರಿನ ವಾಟರ್ ರಾಂಚ್ ಕೊಳಗಳಿವೆ, ಬಳಸಿ ಬಿಟ್ಟ ನೀರನ್ನು ಶುದ್ಧೀಕರಿಸಿ ನೆಲಕ್ಕೆ ಇಂಗಿಸಲು ತೋಡಿದಂಥವು. ಚಮಚದಂತಹ ಕೊಕ್ಕಿನ ಶವಲರ್ ಬಾತು ಅಲ್ಲಿಗೂ ಬರುತ್ತದೆ, ನಮ್ಮ ಕರ್ನಾಟಕದ ಕೆರೆಗಳಿಗೂ ಬರುತ್ತದೆ.

ತೋಟದ ಕೆಲಸದವರು ಮರ ಸವರಲು ಬಂದಾಗ ಬಂದಳಿಕೆಯನ್ನು ಮೊದಲು ಕತ್ತರಿಸಲು ನೋಡುತ್ತಾರೆ. ನಮ್ಮ ಮೆಸ್ಕೀಟ್ ಹಳೆಯದು, ಗಟ್ಟಿಮುಟ್ಟಾಗಿದೆ. ಎರಡು ಗೊಂಚಲು ಅದಕ್ಕೆ ಭಾರವಲ್ಲ. ಅವನ್ನು ಮುಟ್ಟಬೇಡಿ ಎಂದು ಹೇಳಿಯೇ ಏಣಿ ಹಾಕಲು ಬಿಡುತ್ತೇನೆ.